ತೆಳುಗಾಳಿಯ ಸೀಮೆ, ಗಾಳಿ ತುಂಬುವ ಯಂತ್ರ

1944ರ ಮೇ ತಿಂಗಳ ಕೊನೆಗೆ ಬ್ರಿಟಿಷ್ ರಾಯಲ್ ಏರ್ ಫೋರ್ಸಿನ 82ನೇ ಸ್ಕ್ವಾಡ್ರನ್ ಅಸ್ಸಾಮಿನ ಕುಂಭೀರ್‌ಗ್ರಾಮದಿಂದ ಕೋಲಾರಕ್ಕೆ ಬಂದಿಳಿಯಿತು. ಬರ್ಮಾದ ಯುದ್ಧದಲ್ಲಿ ವೆಂಜನ್ಸ್ ಎಂಬ ಬಾಂಬರ್ ಹಾರಿಸುತ್ತಿದ್ದ ಈ ಪಡೆಗೆ ಇಲ್ಲಿ ಹೊಸ ವಿಮಾನ ಕೊಟ್ಟರು. ಅದೇ ಮರದ ಹಲಗೆಗಳಿಂದ ಕಟ್ಟಿದ ಮೊಸ್ಕಿಟೊ. ಅದರ ಎರಡು ರೆಕ್ಕೆಗಳಲ್ಲೂ ಒಂದೊಂದು ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್. 12 ಸಿಲಿಂಡರು, 27 ಲೀಟರು. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡಂತೆ ಒಂದು ದುಂಡನೆಯ ಲೋಹದ ಡಬ್ಬಿ, ಅದರೊಳಗೆ ಕ್ರ್ಯಾಂಕಿನ ಗೇರಿನಿಂದ ಅತಿವೇಗವಾಗಿ ತಿರುಗುವ ಒಂದು ಚಕ್ರ. ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಸಿಲಿಂಡರುಗಳಿಗೆ ತುರುಕುವುದೇ ಅದರ ಕೆಲಸ. ಅದರ ಹೆಸರು ಸೂಪರ್‌ಚಾರ್ಜರ್.

ಹಳೆಯ ಕ್ವಾಲಿಸ್, ಜಿಪ್ಸಿ, ಸ್ಕಾರ್ಪಿಯೊಗಳಿಗೆ ಗಾಳಿ ಒತ್ತುವ ಯಂತ್ರ ಕೂಡಿಸಿ ಕಾಲು ಮೈಲಿಯ ನೇರ ಓಟಕ್ಕೆ ಹುರಿಗೊಳಿಸುವ ಹುಚ್ಚು ಇವತ್ತಿನ ಹುಡುಗರದ್ದು, ಅಮೆರಿಕದಿಂದ ಮೊಬೈಲಿನ ಮೂಲಕ ಬಂದದ್ದು ಎಂದು ಹಲವರ ಎಣಿಕೆ. ಆದರೆ ಕೋಲಾರದ ನೆಲ ಆ ಯಂತ್ರದ ಸದ್ದನ್ನು ಎಂಬತ್ತು ವರ್ಷಗಳ ಹಿಂದೆಯೇ ಕೇಳಿದೆ. ಆಮೇಲೆ ಈ ದಾರಿಯಲ್ಲಿ ನಡೆದದ್ದೆಲ್ಲ ಒಂದಲ್ಲ ಒಂದು ರೀತಿ ಯುದ್ಧಕಾಲದ ರನ್‌ವೇಗಳಿಗೇ ಹೋಗಿ ಸೇರುತ್ತದೆ.

ಸೂಪರ್‌ಚಾರ್ಜರ್ ಹುಟ್ಟಿದ್ದು ವಿಮಾನಕ್ಕಾಗಿಯೂ ಅಲ್ಲ, ಕಾರಿಗಾಗಿಯೂ ಅಲ್ಲ. 1860ರಲ್ಲಿ ಅಮೆರಿಕದ ಇಂಡಿಯಾನಾದ ಕಾನರ್ಸ್‌ವಿಲ್ ಊರಿನ ರೂಟ್ಸ್ ಸಹೋದರರು, ಫಿಲಾಂಡರ್ ಮತ್ತು ಫ್ರಾನ್ಸಿಸ್, ಒಂದು ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಕುಲುಮೆಗೆ ಗಾಳಿ ಊದಲು, ಕಲ್ಲಿದ್ದಲು ಗಣಿಯ ಸುರಂಗಕ್ಕೆ ಉಸಿರು ಕೊಡಲು ಅದು ಬಳಕೆಯಾಯಿತು. ಒಳಗೆ ಎಂಟರ ಅಂಕಿಯ ಆಕಾರದ ಎರಡು ಉರುಳೆಗಳು ಕಬ್ಬಿನ ಗಾಣದ ಉರುಳೆಗಳಂತೆ ಎದುರುಬದುರಾಗಿ ತಿರುಗುತ್ತವೆ. ಒಂದಕ್ಕೊಂದು ತಾಗುವುದಿಲ್ಲ, ನಡುವಿನ ಸಂದು ಕೂದಲೆಳೆಯಷ್ಟು. ಗಾಳಿ ಆ ಸಂದಿನಲ್ಲಿ ಹಾಯುವುದಿಲ್ಲ. ಉರುಳೆಗೂ ಹೊರಗೋಡೆಗೂ ನಡುವಿನ ಪೊಳ್ಳಿನಲ್ಲಿ ಸುತ್ತಿಕೊಂಡು ಬಂದು ಆಚೆ ಬದಿಗೆ ಬೀಳುತ್ತದೆ, ಮತ್ತೆ ಹಿಂದಕ್ಕೆ ಬರಲು ಅದಕ್ಕೆ ದಾರಿಯಿಲ್ಲ. ಎಂಜಿನ್ ಎಳೆದುಕೊಳ್ಳಬಲ್ಲುದಕ್ಕಿಂತ ಹೆಚ್ಚು ಗಾಳಿ ಹೀಗೆ ಬಂದು ಸೇರಿದರೆ ಅದು ಒತ್ತಡವಾಗುತ್ತದೆ. ಇಷ್ಟೇ ಮೂಲ ತತ್ವ.

ಮಾರಾಟದ ಕಾರುಗಳಿಗೆ ಅದು ಬಂದದ್ದು ಯುರೋಪಿನಲ್ಲಿ. ಗಾಳಿಯನ್ನು ಮೊದಲೇ ಒತ್ತಿ ಎಂಜಿನ್ನಿಗೆ ಕೊಡುವ ಕಲ್ಪನೆಗೆ ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಪೇಟೆಂಟ್ ಪಡೆದಿದ್ದರು. 1921ರಲ್ಲಿ ಮರ್ಸಿಡಿಸ್ ಸೂಪರ್‌ಚಾರ್ಜರ್ ಇದ್ದ ಕಾರುಗಳನ್ನು ಜನರ ಮುಂದಿಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಬೆಂಟ್ಲಿಯ ಮೂತಿಯ ಮುಂದೆ ರೂಟ್ಸ್ ಮಾದರಿಯ ಬ್ಲೋವರ್ ಬಂತು. ವಿಮಾನಗಳಿಗಂತೂ ಅದು ಅನಿವಾರ್ಯವೇ ಆಯಿತು. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಕಳೆದುಹೋದ ಗಾಳಿಯನ್ನು ಯಂತ್ರದಿಂದ ಮರಳಿ ತುಂಬದಿದ್ದರೆ ಯುದ್ಧವಿಮಾನ ಎತ್ತರಕ್ಕೆ ಹೋಗಿ ಪ್ರಯೋಜನವಿಲ್ಲ.

ಎತ್ತರದ ಈ ಮಾತು ಕೋಲಾರ ಜಿಲ್ಲೆಯ ಮುಳಬಾಗಿಲಿಗೂ ಸಲ್ಲುತ್ತದೆ.

ಮುಳಬಾಗಿಲು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಇನ್ನೂ ನೂರು ಮೀಟರ್ ಮೇಲೆ. ಲೆಕ್ಕ ಹಾಕಿದರೆ ಇಲ್ಲಿನ ಗಾಳಿ ಚೆನ್ನೈನ ಗಾಳಿಗಿಂತ ಶೇಕಡಾ 8ರಷ್ಟು ತೆಳು. ಉಸಿರಾಡುವ ಮನುಷ್ಯನಿಗೆ ಇದು ಗೊತ್ತಾಗುವುದಿಲ್ಲ. ಟರ್ಬೊ ಇಲ್ಲದ ಹಳೆಯ ಡೀಸೆಲ್ ಗಾಡಿಗೆ ಗೊತ್ತಾಗುತ್ತದೆ. ವಡ್ಡಹಳ್ಳಿ ಮಂಡಿಯಿಂದ ಟೊಮೆಟೊ ಕ್ರೇಟು ಹೇರಿಕೊಂಡು ಹೊರಟ ಹಳೆಯ ಜೀಪು ಏರು ಬಂದಾಗ ಕಪ್ಪುಹೊಗೆ ಕಾರಿದರೆ ‘ಪಿಕಪ್ ಇಲ್ಲ’ ಎಂದು ಡ್ರೈವರು ಗೊಣಗುತ್ತಾನೆ. ಡೀಸೆಲ್ ಬೇಕಾದಷ್ಟು ಸುರಿಯುತ್ತಿದೆ, ಅದನ್ನು ಪೂರ್ತಿ ಸುಡುವಷ್ಟು ಗಾಳಿ ಇಲ್ಲ. ಆ ಹೊಗೆ ಎಂದರೆ ಅರೆಬೆಂದ ಡೀಸೆಲ್.

ಯುದ್ಧಕಾಲದಲ್ಲಿ ಗಾಳಿ ತುಂಬುವ ಈ ವಿದ್ಯೆಯನ್ನು ಬಿಚ್ಚಿ ಜೋಡಿಸಿ ಕಲಿಯುವ ಜಾಗ ಬೆಂಗಳೂರಾಯಿತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ವಹಿಸಿಕೊಂಡು 84ನೇ ಏರ್ ಡಿಪೋ ಮಾಡಿತು. ಚೀನಾ-ಬರ್ಮಾ-ಭಾರತ ಯುದ್ಧರಂಗದ ವಿಮಾನಗಳು, ಎಂಜಿನ್ನುಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಸೂಪರ್‌ಚಾರ್ಜರ್ ಆ ಎಂಜಿನ್ನುಗಳ ಅಂಗವೇ ಆಗಿತ್ತು. ಯಲಹಂಕದಲ್ಲಿ ಮೊಸ್ಕಿಟೊ ತರಬೇತಿ ಘಟಕ, ಕೋಲಾರದಲ್ಲಿ ಮೊಸ್ಕಿಟೊ ಸ್ಕ್ವಾಡ್ರನ್, ಮದ್ರಾಸಿನ ಉತ್ತರಕ್ಕೆ ಶೋಳಾವರಂ ವಾಯುನೆಲೆ. 82ನೇ ಸ್ಕ್ವಾಡ್ರನ್ 1944ರ ಅಕ್ಟೋಬರಿನಲ್ಲಿ ಕೋಲಾರ ಬಿಟ್ಟು ರಾಂಚಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಶೋಳಾವರಂನಲ್ಲಿ ಉಳಿದದ್ದು ಕಾಂಕ್ರೀಟಿನ ನೇರ ಪಟ್ಟಿ.

ಅಂಥ ಪಟ್ಟಿಗಳು ಲೋಕದ ತುಂಬ ಉಳಿದಿದ್ದವು, ಯುದ್ಧದಿಂದ ಮರಳಿದ ಮೆಕ್ಯಾನಿಕ್ಕುಗಳೂ ಇದ್ದರು. 1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ಶುರುವಾಯಿತು. ಎರಡು ಗಾಡಿ, ಒಂದು ನೇರ ದಾರಿ, ಕಾಲು ಮೈಲಿ. ಅಂದರೆ 402 ಮೀಟರ್. ಮರುವರ್ಷ ವಾಲಿ ಪಾರ್ಕ್ಸ್ ಎಂಬವರು ಎನ್‌ಎಚ್‌ಆರ್‌ಎ ಸಂಘಟನೆ ಕಟ್ಟಿ ಆಟಕ್ಕೆ ನಿಯಮ ತಂದರು. ಅಲ್ಲಿಯ ಹುಡುಗರಿಗೆ ಸೂಪರ್‌ಚಾರ್ಜರ್ ಸಿಕ್ಕಿದ್ದು ಗುಜರಿಯಲ್ಲಿ. ಜನರಲ್ ಮೋಟಾರ್ಸ್ 1938ರಿಂದ ತಯಾರಿಸುತ್ತಿದ್ದ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್ನಿಗೆ ರೂಟ್ಸ್ ಬ್ಲೋವರ್ ಇಲ್ಲದೆ ಉಸಿರೇ ಇಲ್ಲ. ಆರು ಸಿಲಿಂಡರು, ಒಂದೊಂದೂ 71 ಘನ ಇಂಚು, ಹಾಗಾಗಿ ‘6-71’ ಎಂಬ ಹೆಸರು. ಲಾರಿ, ಬಸ್ಸುಗಳ ಎಂಜಿನ್ನಿನಿಂದ ಕಳಚಿದ ಆ ಬ್ಲೋವರನ್ನು ವಿ-8 ಪೆಟ್ರೋಲ್ ಎಂಜಿನ್ನಿನ ನೆತ್ತಿಯ ಮೇಲೆ ಕೂರಿಸಿದರು. ಲೋಡು ಹೊರುವ ಗಾಡಿಯ ಭಾಗ ರೇಸಿನ ಲಾಂಛನವಾದದ್ದು ಹೀಗೆ.

ನಮ್ಮಲ್ಲಿ ಆ ಪಾತ್ರ ಶೋಳಾವರಂನದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1953ರಲ್ಲಿ ಹುಟ್ಟಿತು, ಹಳೆಯ ವಾಯುನೆಲೆ ದಶಕಗಳ ಕಾಲ ದಕ್ಷಿಣ ಭಾರತದ ರೇಸಿನ ಮನೆಯಾಯಿತು. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಹೆದ್ದಾರಿ ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಪಲಮನೇರು, ಮೊಗಿಲಿ ಘಾಟಿ ಇಳಿದು ಚಿತ್ತೂರು, ರಾಣಿಪೇಟೆಗಳ ಮೇಲೆ ಸಾಗುತ್ತಿತ್ತು. ಕರ್ನಾಟಕದ ರೇಸು ಕಾರುಗಳು ಟ್ರೈಲರಿನ ಮೇಲೋ ತಮ್ಮದೇ ಚಕ್ರದ ಮೇಲೋ ಕಡಲ ಕಡೆಗೆ ಇಳಿಯಲು ಇದ್ದ ಸಹಜ ದಾರಿ ಇದು. ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ 1980ರ ದಶಕದಲ್ಲಿ ಅಲ್ಲಿ ಮೆರೆದದ್ದನ್ನು ಹಳೆಯ ರೇಸ್ ಪ್ರೇಮಿಗಳು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. 848 ಸಿಸಿಯ ಪುಟ್ಟ ಎಂಜಿನ್, ಫೈಬರ್ ಗ್ಲಾಸಿನ ಹಗುರ ಮೈ. ಮನೆ ಕಾರಾಗಿ ಅದು ಸೋತಿತು, ರೇಸಿನಲ್ಲಿ ಭಾರದ ಅಂಬಾಸಡರ್, ಫಿಯಟ್‌ಗಳಿಗೆ ಅದು ಕಾಟ ಕೊಟ್ಟಿತು. ಬಲ ಹೆಚ್ಚಿಸುವುದೂ ಭಾರ ಇಳಿಸುವುದೂ ಒಂದೇ ಲೆಕ್ಕದ ಎರಡು ತುದಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡನಾಡಿನಲ್ಲಿ ಸಿಗದು. ಅದೇ ಕಾಂಕ್ರೀಟಿನ ಮೇಲೆ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಕಾರನ್ನೂ ಓಡಿಸಿದರು. 1990ರಲ್ಲಿ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ತೆರೆದ ಮೇಲೆ ಶೋಳಾವರಂನ ಕಾಲ ಮುಗಿಯಿತು.

ಇನ್ನು ಎಸ್‌ಯುವಿ. ಕೋಲಾರ ಸೀಮೆ ಈ ಪದ ಕೇಳುವ ಮೊದಲೇ ಜೀಪನ್ನು ಬಲ್ಲದು. 1947ರಿಂದ ಮಹೀಂದ್ರದವರು ವಿಲ್ಲೀಸ್ ಜೀಪು ಜೋಡಿಸಿ ಮಾರತೊಡಗಿದರು, ಅದೂ ಯುದ್ಧದ ಕೂಸೇ. 1985ರಲ್ಲಿ ಮಾರುತಿ ಜಿಪ್ಸಿ, 1994ರಲ್ಲಿ ಟಾಟಾ ಸುಮೊ ಬಂದವು. 2000ದಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್ ಮದುವೆ ದಿಬ್ಬಣಕ್ಕೂ, ತಿರುಪತಿ ಯಾತ್ರೆಗೂ, ಬೆಂಗಳೂರಿನ ಕಂಪನಿಗಳ ರಾತ್ರಿಪಾಳಿಗೂ ಒಗ್ಗಿಹೋಯಿತು. 2005ರಲ್ಲಿ ಇನ್ನೋವಾಗೆ ಜಾಗ ಬಿಡುವ ತನಕ ಅದಕ್ಕಿದ್ದ ನಂಬಿಕೆ ಬೇರಾವ ಗಾಡಿಗೂ ಇರಲಿಲ್ಲ. ಆದರೆ ಓಟದ ವಿಷಯದಲ್ಲಿ ಅದು ಎತ್ತು. 2446 ಸಿಸಿ ಡೀಸೆಲ್, 75 ಅಶ್ವಶಕ್ತಿ, ಟರ್ಬೊ ಇಲ್ಲ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಇಪ್ಪತ್ತು ಸೆಕೆಂಡಿಗೂ ಹೆಚ್ಚು ಬೇಕು.

ಅಂಥ ಎಂಜಿನ್ನಿಗೆ ಗಾಳಿ ತುಂಬಿದರೆ ಏನಾಗುತ್ತದೆ? ಮುಳಬಾಗಿಲಿನಲ್ಲಿ ಹೊರಗಾಳಿಯ ಒತ್ತಡ ಸುಮಾರು 13.3 ಪಿಎಸ್‌ಐ. ಬೆಲ್ಟಿನಿಂದ ತಿರುಗುವ ಬ್ಲೋವರ್ ಅದರ ಮೇಲೆ 6 ಪಿಎಸ್‌ಐ ಸೇರಿಸಿದರೆ ಕಾಗದದ ಲೆಕ್ಕದಲ್ಲಿ ಶೇಕಡಾ 45ರಷ್ಟು ಹೆಚ್ಚು ಗಾಳಿ. ನಿಜದಲ್ಲಿ ಅಷ್ಟು ದಕ್ಕುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಗಾಳಿ ಹಿಗ್ಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಬ್ಲೋವರ್ ತಿರುಗಿಸಲು ಎಂಜಿನ್ನಿನದೇ ಬಲ ಖರ್ಚಾಗುತ್ತದೆ. ಟರ್ಬೊ ಹೊಗೆಯ ಬಲದಿಂದ ತಿರುಗುವುದರಿಂದ ಅಷ್ಟು ನಷ್ಟವಿಲ್ಲ, ಆದರೆ ಅದು ಎಚ್ಚರಗೊಳ್ಳಲು ಒಂದು ಗಳಿಗೆ ಬೇಕು. ಡ್ರ್ಯಾಗ್ ಓಟದಲ್ಲಿ ದೀಪ ಹಸಿರಾದ ಕ್ಷಣವೇ ಮುಖ್ಯ. ಸೂಪರ್‌ಚಾರ್ಜರನ್ನು ಜನ ಇಂದಿಗೂ ಇಷ್ಟಪಡುವುದು ಆ ಮೊದಲ ಜಿಗಿತಕ್ಕಾಗಿ.

ಟೊಯೋಟಕ್ಕೂ ಇದು ಗೊತ್ತಿತ್ತು. ಅಮೆರಿಕದಲ್ಲಿ ಮಾರಿದ ಮೂರನೇ ತಲೆಮಾರಿನ ಫೋರ್‌ರನ್ನರ್ ಎಸ್‌ಯುವಿಯ 3.4 ಲೀಟರಿನ 183 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿಗೆ ಕಂಪನಿಯ ರೇಸಿಂಗ್ ವಿಭಾಗ ಟಿಆರ್‌ಡಿಯೇ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಕಿಟ್ ಮಾರುತ್ತಿತ್ತು. ಕ್ವಾಲಿಸಿನ ಡೀಸೆಲ್ ಕುಟುಂಬಕ್ಕೆ ಕಂಪನಿ ಸ್ವತಃ ಟರ್ಬೊ ಕೂರಿಸಿದ 2ಎಲ್-ಟಿ ಎಂಬ ಎಂಜಿನ್ನೂ ಇತ್ತು. ಶಾಖ ತಾಳದೆ ಸಿಲಿಂಡರ್ ಹೆಡ್ ಬಿರುಕು ಬಿಡುತ್ತದೆ ಎಂಬ ದೂರು ಅದಕ್ಕೆ ಕೊನೆಯ ತನಕ ಅಂಟಿಕೊಂಡಿತ್ತು. ಗ್ಯಾರೇಜಿನಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸುವ ಹುಮ್ಮಸ್ಸಿನವರು ಈ ಮಾತನ್ನು ಮರೆಯಬಾರದು. ಮೊದಲು ಸೋಲುವುದು ಹೆಡ್ ಗ್ಯಾಸ್ಕೆಟ್, ಆಮೇಲೆ ಪಿಸ್ಟನ್ನಿನ ನೆತ್ತಿ, ಅವೆರಡೂ ಉಳಿದರೆ ಕ್ಲಚ್ ಪ್ಲೇಟು. ಬ್ರೇಕಂತೂ 75 ಅಶ್ವಶಕ್ತಿಯ ಗಾಡಿಗೆ ಅಳೆದು ಕೊಟ್ಟದ್ದು.

ಇಷ್ಟೆಲ್ಲ ಮಾಡಿದ ಗಾಡಿ ಓಡಬೇಕಾದದ್ದು ಎಲ್ಲಿ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, 189ನೇ ಕಲಂ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ನಡೆಸುವ ರೇಸನ್ನೇ ಅಪರಾಧ ಮಾಡಿದೆ. ಹೊಸಕೋಟೆಯಿಂದ ಮಾಲೂರಿನ ಮೇಲೆ ಬೇತಮಂಗಲದ ಕಡೆಗೆ ಹೋಗುವ 71 ಕಿಲೋಮೀಟರಿನ ಹೊಸ ಎಕ್ಸ್‌ಪ್ರೆಸ್‌ವೇ ಕಂಡ ಹುಡುಗರಿಗೆ ಕೈ ತುರಿಸುವುದು ಸಹಜ. ಆ ರಸ್ತೆ ಆಸ್ಪತ್ರೆಗೆ ಹೋಗುವವರದ್ದು, ಹಾಲಿನ ಟ್ಯಾಂಕರಿನದ್ದು, ಅಲ್ಲಿ ಪಂದ್ಯ ಕಟ್ಟುವುದನ್ನು ಯಾವ ನೆಪದಿಂದಲೂ ಒಪ್ಪಲಾಗದು. ಕೋಲಾರದಲ್ಲಿ ಈಗ ಡಾಕರ್ ರ‍್ಯಾಲಿ ಓಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಇದೆ. ಆದರೆ ಅದು ಮಣ್ಣಿನ ಹಾದಿಯ ಬೈಕುಗಳ ಜಾಗ. ಬೆಂಗಳೂರಿನವರೇ ಆದ ಹೇಮಂತ್ ಮುದ್ದಪ್ಪ ಬೈಕಿನ ಡ್ರ್ಯಾಗ್ ರೇಸಿನಲ್ಲಿ ಮತ್ತೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆದರು. ಅವರ ಆಟದ ರಾಷ್ಟ್ರಮಟ್ಟದ ಪಂದ್ಯಗಳೂ ನಡೆಯುವುದು ಇರುಂಗಾಟ್ಟುಕೋಟೈನಲ್ಲಿ.

ಹಾಗಾಗಿ ಬ್ಲೋವರ್ ಹೊತ್ತ ಹಳೆಯ ಕ್ವಾಲಿಸ್ ಈಗಲೂ ಲಾರಿಯ ಮೇಲೆ ಕೂತು ಘಾಟಿ ಇಳಿಯಬೇಕು. ಇಳಿದ ಮೇಲೆ ಇನ್ನೊಂದು ಕೆಲಸ ಕಾದಿರುತ್ತದೆ. ಮುಳಬಾಗಿಲಿನ ಗಾಳಿಗೆ ಹೊಂದಿಸಿದ ಡೀಸೆಲ್ ಅಳತೆ ಕಡಲತೀರದ ದಟ್ಟಗಾಳಿಗೆ ಸಾಲದು. ಅದೇ ಪುಲ್ಲಿ, ಅದೇ ಬೆಲ್ಟು, ಆದರೆ ಗೇಜಿನ ಮುಳ್ಳು ಮೇಲಕ್ಕೆ ಹೋಗಿರುತ್ತದೆ, ಸಿಲಿಂಡರಿನೊಳಗಿನ ಒತ್ತಡವೂ ಏರಿರುತ್ತದೆ. ಮೊದಲ ಓಟಕ್ಕೆ ಮುಂಚೆ ಬೂಸ್ಟ್ ಅಳೆದು, ಪಂಪು ಹೊಂದಿಸಿ, ಹೊಗೆಯ ಬಿಸಿ ನೋಡಿ, ಬೇಕಿದ್ದರೆ ದೊಡ್ಡ ಪುಲ್ಲಿ ಹಾಕಿ ಬ್ಲೋವರಿನ ವೇಗ ತಗ್ಗಿಸಬೇಕು.