ಪಾರದರ್ಶಕ ನ್ಯಾನೊಕಾಂಪೊಸಿಟ್‌ಗಳು

ತಿಳಿಯಾದ ಪ್ಲಾಸ್ಟಿಕ್‌ಗೆ ಖನಿಜದ ಪುಡಿ ಕಲಸಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಕಣಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ಪುಡಿಯ ಗುಣ ಬೇಕು, ಮಬ್ಬು ಬೇಡ ಎಂಬ ಹಟದಿಂದ ಹುಟ್ಟಿದ ವಸ್ತುಗಳೇ ಪಾರದರ್ಶಕ ನ್ಯಾನೊಕಾಂಪೊಸಿಟ್‌ಗಳು.

ಅತಿ ಸೂಕ್ಷ್ಮ ಕಣಗಳ ಇಂಥ ಬೆರಕೆ ಹೊಸದೇನಲ್ಲ. 1833ರಲ್ಲೇ ಜರ್ಮನಿಯ ಲುಡರ್ಸ್‌ಡಾರ್ಫ್ ಗೋಂದಿನ ದ್ರಾವಣದಲ್ಲಿ ಚಿನ್ನದ ಲವಣವನ್ನು ಅಪಕರ್ಷಿಸಿ, ಆಲ್ಕೊಹಾಲ್ ಸುರಿದು ನೇರಳೆ ಬಣ್ಣದ ಘನವಸ್ತು ಪಡೆದಿದ್ದ. 1857ರಲ್ಲಿ ಮೈಕಲ್ ಫ್ಯಾರಡೆ ಮಾಣಿಕ್ಯದಂಥ ಕೆಂಪು ದ್ರವಗಳಲ್ಲಿ ಇರುವುದು ಅತಿ ಸೂಕ್ಷ್ಮ ಚಿನ್ನವೇ ಎಂದು ವಾದಿಸಿದ.

ಮಬ್ಬು ತಪ್ಪಿಸಲು ಎರಡು ದಾರಿಗಳಿವೆ. ಮೊದಲನೆಯದು, ಕಣ ಮತ್ತು ಮಾಧ್ಯಮಗಳ ವಕ್ರೀಭವನಾಂಕವನ್ನು, ಅಂದರೆ ಅವು ಬೆಳಕನ್ನು ಬಾಗಿಸುವ ಪ್ರಮಾಣವನ್ನು, ಸರಿದೂಗಿಸುವುದು. ಡೆನ್ಮಾರ್ಕಿನ ಕ್ರಿಶ್ಚಿಯನ್‌ಸನ್ 1884ರಲ್ಲಿ ಗಾಜಿನ ಪುಡಿಯನ್ನು ತಕ್ಕ ದ್ರವದಲ್ಲಿ ಮುಳುಗಿಸಿ ಇದನ್ನು ತೋರಿಸಿದ. ಅಂಕ ಹೊಂದಿದ ಬಣ್ಣವೊಂದೇ ನೇರವಾಗಿ ದಾಟಿತು. ಈ ಪ್ರಯೋಗಕ್ಕೆ 1949ರಲ್ಲಿ ಸಿದ್ಧಾಂತ ಬರೆದವರು ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್. ಅಕ್ರಿಲಿಕ್‌ನ ಅಂಕ 1.49, ಸಿಲಿಕಾದ್ದು ಸುಮಾರು 1.46, ಇವೆರಡಕ್ಕೆ ಹೊಂದಾಣಿಕೆ ಸುಲಭ. ಆದರೆ ಪ್ಲಾಸ್ಟಿಕ್‌ನ ಅಂಕವನ್ನು ಏರಿಸಲೆಂದೇ 2.6 ದಾಟುವ ಟೈಟಾನಿಯಂ ಡೈಆಕ್ಸೈಡ್ ಬೆರೆಸುವಾಗ ಈ ದಾರಿ ಮುಚ್ಚಿಹೋಗುತ್ತದೆ.

ಆಗ ಉಳಿಯುವುದು ಕಣವನ್ನು ಕಿರಿದಾಗಿಸುವುದು. 1871ರ ರೇಲೆ ಸಿದ್ಧಾಂತದ ಪ್ರಕಾರ ಒಂದು ಕಣ ಚದುರಿಸುವ ಬೆಳಕು ಅದರ ವ್ಯಾಸದ ಆರನೇ ಘಾತಕ್ಕೆ ಅನುಪಾತದಲ್ಲಿದೆ. ವ್ಯಾಸ ಅರ್ಧವಾದರೆ ಚದುರಿಕೆ 64 ಪಟ್ಟು ಇಳಿಯುತ್ತದೆ; ಅಷ್ಟೇ ತೂಕದ ಪುಡಿಯಲ್ಲಿ ಕಣಗಳ ಸಂಖ್ಯೆ 8 ಪಟ್ಟು ಹೆಚ್ಚುವುದರಿಂದ ನಿವ್ವಳ ಲಾಭ 8 ಪಟ್ಟು. ಕಾಗದದ ಮೇಲೆ ಲೆಕ್ಕ ಇಷ್ಟೇ. ಪಾತ್ರೆಯಲ್ಲಿ ಮಾತ್ರ 10 ನ್ಯಾನೊಮೀಟರ್ ಕಣಗಳು ಒಂದಕ್ಕೊಂದು ಅಂಟಿ 200 ನ್ಯಾನೊಮೀಟರ್ ಗಂಟುಗಳಾಗುತ್ತವೆ, ಬೆಳಕಿಗೆ ಕಾಣುವುದು ಆ ಗಂಟೇ. ಹಾಗಾಗಿ ಈ ಕ್ಷೇತ್ರದ ನಿಜವಾದ ಸಾಧನೆ ಕಣ ತಯಾರಿಕೆಗಿಂತ ಕಣಗಳನ್ನು ಬಿಡಿಬಿಡಿಯಾಗಿ ಇಟ್ಟದ್ದರಲ್ಲಿದೆ.

ಇದಕ್ಕೆ ದಂತವೈದ್ಯಕೀಯವೂ ನೆರವಾಯಿತು ಎಂಬುದು ಸ್ವಾರಸ್ಯ. ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಹಲ್ಲಿನ ಭರ್ತಿಯಲ್ಲಿ ಸಿಲಿಕಾ ಪುಡಿಗೆ ಸಿಲೇನ್ ಲೇಪವಿತ್ತು. ಲೇಪದ ಒಂದು ತುದಿ ಕಣವನ್ನೂ ಇನ್ನೊಂದು ತುದಿ ರಾಳವನ್ನೂ ಹಿಡಿದುಕೊಳ್ಳುತ್ತದೆ. ಅವನ ಕಣಗಳು ನ್ಯಾನೊ ಗಾತ್ರದವಲ್ಲ, ಆದರೆ ಉಪಾಯ ಉಳಿಯಿತು. 1968ರಲ್ಲಿ ಸ್ಟೋಬರ್, ಫಿಂಕ್, ಬೋನ್ ಅಮೋನಿಯಾ ಬೆರೆತ ಆಲ್ಕೊಹಾಲ್‌ನಲ್ಲಿ ಒಂದೇ ಗಾತ್ರದ ಸಿಲಿಕಾ ಗೋಲಿಗಳನ್ನು ಬೆಳೆಸಿದರು. 1970ರ ದಶಕದಲ್ಲಿ ಡೌ ಕಾರ್ನಿಂಗ್‌ನ ಸಿಲಿಕಾ ಲೇಪ ಬಂದು, ಬೇಗ ಗೀರು ಬೀಳುತ್ತಿದ್ದ ಪ್ಲಾಸ್ಟಿಕ್ ಕನ್ನಡಕಗಳು ಗಟ್ಟಿಯಾದವು.

1993ರಲ್ಲಿ ಜೂರಿಕ್‌ನ ಸಂಶೋಧಕರು ಜೆಲಾಟಿನ್‌ನಲ್ಲಿ ಸೀಸದ ಸಲ್ಫೈಡ್ ಕಣಗಳನ್ನು ಬೆಳೆಸಿ ಪದರದ ಅಂಕವನ್ನು 2.5ರ ಆಸುಪಾಸಿಗೆ ಏರಿಸಿದರು. ಕಣವನ್ನು ಹೊರಗೆ ಮಾಡಿ ಬೆರೆಸುವ ಬದಲು ಪಾಲಿಮರ್ ಒಳಗೇ ಹುಟ್ಟಿಸುವ ವಿಧಾನವದು.

ಬಣ್ಣದ ಬೆಳಕು ಸೂಸುವ ನ್ಯಾನೊ ಗಾತ್ರದ ಅರೆವಾಹಕ ಕಣಗಳಾದ ಕ್ವಾಂಟಂ ಚುಕ್ಕೆಗಳು 2013ರಲ್ಲಿ ಕಿಂಡಲ್ ಫೈರ್ ಎಚ್‌ಡಿಎಕ್ಸ್ ಟ್ಯಾಬ್ಲೆಟ್‌ನ ಪರದೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯಲ್ಲಿ ಗ್ರಾಹಕರ ಕೈಸೇರಿದವು. ಅಲ್ಲಿ ತೊಡಕು ಮಬ್ಬಿನದ್ದಲ್ಲ, ಆಮ್ಲಜನಕದ್ದು: ಗಾಳಿ ಸೋಕಿದರೆ ಚುಕ್ಕೆಗಳು ಮಂಕಾಗುವುದರಿಂದ ಹಾಳೆಯ ಎರಡೂ ಬದಿಗೆ ಗಾಳಿ ತಡೆಯುವ ಪದರ ಹಾಕಬೇಕಾಯಿತು.