ಬೇಗೆಯಲ್ಲಿ ಬದುಕುವ ಜೀವಕಣ

ವೈಶಾಖದಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ನಡುಹಗಲು ಪೇಟೆಯ ಜನ ಬಾಗಿಲು ಮುಂದೆ ಮಾಡಿ ಕೂಡುತ್ತಾರೆ. ತಿಕೋಟಾ, ಬಬಲೇಶ್ವರದ ಹೊಲಗಳಲ್ಲಿ ರೈತ ನೊಗ ಇಳಿಸಿ ಎತ್ತುಗಳನ್ನು ಬೇವಿನ ನೆರಳಿಗೆ ಕಟ್ಟುತ್ತಾನೆ. ಮೈ ಕಾದಾಗ ಎತ್ತಿನ ಜೀವಕಣಗಳ ಒಳಗೂ ಒಂದು ರಕ್ಷಣೆಯ ಕೆಲಸ ಸಾಗುತ್ತದೆ.

ಇದರ ಸುಳಿವು ಮೊದಲು ಸಿಕ್ಕಿದ್ದು ಇಟಲಿಯಲ್ಲಿ, ಅದೂ ಹಣ್ಣಿನ ನೊಣದ ಮರಿಹುಳದಲ್ಲಿ. ಫೆರ್ರುಚ್ಚೊ ರಿಟೋಸ್ಸಾ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಯಾರೋ ಕಾವುಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಒಳಗಿದ್ದ ಜೊಲ್ಲುಗ್ರಂಥಿಗಳ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಕಂಡವು. ಬೇರೊಬ್ಬರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲುತ್ತಿದ್ದರೇನೋ! ರಿಟೋಸ್ಸಾ 1962ರಲ್ಲಿ ಅದನ್ನು ಪ್ರಕಟಿಸಿದರು. ಲೋಕ ಅಷ್ಟಾಗಿ ಗಮನಿಸಲಿಲ್ಲ. ಕಾವಿಗೆ ಹೊಸ ಪ್ರೋಟೀನುಗಳು ಹುಟ್ಟುತ್ತವೆಂದು ಟಿಸ್ಸಿಯೇರ್ ಮತ್ತು ಸಂಗಡಿಗರು ತೋರಿಸಿದ್ದು 1974ರಲ್ಲಿ.

ಪ್ರತಿಯೊಂದು ಪ್ರೋಟೀನೂ ತನ್ನದೇ ರೀತಿಯಲ್ಲಿ ಮಡಿಸಿಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕಾವು ಹೆಚ್ಚಿದರೆ ಆ ಮಡಿಕೆ ಬಿಚ್ಚಿ, ಬೇಯಿಸಿದ ತತ್ತಿಯ ಬಿಳಿಯಂತೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಹೊಸದಾಗಿ ಹುಟ್ಟಿದ ಈ ಕಾವಲು ಪ್ರೋಟೀನುಗಳು ಬಿಚ್ಚಿದ್ದನ್ನು ಹಿಡಿದು, ಅಂಟದಂತೆ ತಡೆದು, ಮತ್ತೆ ಮಡಿಸಲು ನೆರವಾಗುತ್ತವೆ. ತೀರ ಕೆಟ್ಟದ್ದನ್ನು ಒಡೆದುಹಾಕಲು ಒಪ್ಪಿಸುತ್ತವೆ. ಮೊದಲು ಮಿತವಾದ ಕಾವು ಉಂಡ ಜೀವಕಣ ಆಮೇಲಿನ ಕಡು ಕಾವನ್ನು ತಾಳಬಲ್ಲದು. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಇಂಥ ಏರ್ಪಾಡು ಉಂಟು.

ಆದರೆ ಈ ಕೆಲಸಕ್ಕೆ ಜೀವಕಣದ ಶಕ್ತಿ ವೆಚ್ಚವಾಗುತ್ತದೆ. ನೀರು ನೆರಳಿಲ್ಲದೆ ದಿನವಿಡೀ ದುಡಿಸಿದ ಎತ್ತಿನಲ್ಲಿ ಮಡಿಸುವುದಕ್ಕಿಂತ ಬಿಚ್ಚುವುದೇ ಬೇಗನಾಗಿ, ಜೀವಕಣಗಳು ಸಾಯತೊಡಗುತ್ತವೆ.