ವಿಧಾನಸಭೆಗೆ ವ್ಯಾಪಾರಸ್ಥರ ಹಾದಿ: ಕೊಳ್ಳೇಗಾಲ, ಹನೂರು, ಯಳಂದೂರು

ಈ ಭಾಗದ ಅಂಗಡಿ ಮಾಲೀಕನೋ ರೇಷ್ಮೆ ವ್ಯಾಪಾರಿಯೋ ಶಾಸಕನಾಗಲು ಹಣಕ್ಕಿಂತ ಹೆಚ್ಚು ಬೇಕಾದದ್ದು ಸೋತ ಮೇಲೂ ಕ್ಷೇತ್ರ ಬಿಡದ ತಾಳ್ಮೆ. ಯಳಂದೂರನ್ನು ಒಳಗೊಂಡ ಕೊಳ್ಳೇಗಾಲ ಪರಿಶಿಷ್ಟ ಜಾತಿಗೆ ಮೀಸಲು. ಉಳಿದವರಿಗೆ ಹನೂರೇ ಗತಿ. ಅಲ್ಲಿ ಜಿ. ರಾಜೂಗೌಡ, ಎಚ್. ನಾಗಪ್ಪ ಮನೆತನಗಳ ಪೈಪೋಟಿಯೇ ಬಹುಕಾಲ ರಾಜಕೀಯವಾಗಿತ್ತು. ಎರಡಕ್ಕೂ ಸೇರದ ಜೆಡಿಎಸ್‌ನ ಎಂ.ಆರ್. ಮಂಜುನಾಥ್ 2018ರಲ್ಲಿ ಮೂರನೆಯ ಸ್ಥಾನ ಪಡೆದರು, 2023ರಲ್ಲಿ ಗೆದ್ದರು. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರ 40,752 ಮತಗಳೆದುರು 40,751 ಪಡೆದು, ಒಂದೇ ಮತದಿಂದ ಸೋತ ಎ.ಆರ್. ಕೃಷ್ಣಮೂರ್ತಿ ಅವರಿಗೆ ಕೊಳ್ಳೇಗಾಲ ಒಲಿದದ್ದೂ 2023ರಲ್ಲೇ. ಹಣವಿಲ್ಲದೆ ತಾಳ್ಮೆ ಎಲ್ಲಿಯದು ಎಂಬ ಆಕ್ಷೇಪ ನ್ಯಾಯವಾದದ್ದೇ: ಸಾಮಾನ್ಯ ಅಭ್ಯರ್ಥಿಯ ಠೇವಣಿ 10,000 ರೂಪಾಯಿಯಾದರೂ ವೆಚ್ಚದ ಮಿತಿ 40 ಲಕ್ಷ. ಆದರೆ ಹಣ ಕಣಕ್ಕಿಳಿಸುತ್ತದೆ, ಗೆಲ್ಲಿಸುವ ಖಾತರಿ ಕೊಡುವುದಿಲ್ಲ. ರಾಜ್ಯ ಸರ್ಕಾರದ ಕಾಮಗಾರಿ ಹಿಡಿದ ಸಣ್ಣ ಗುತ್ತಿಗೆದಾರನಿಗಂತೂ ಇನ್ನೊಂದು ತಡೆಯಿದೆ. ಗುತ್ತಿಗೆ ಚಾಲ್ತಿಯಲ್ಲಿದ್ದರೆ 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 9ಎ ಕಲಂ ಅವನನ್ನು ಅನರ್ಹಗೊಳಿಸುತ್ತದೆ.